ಜಡ್ಜ್‌ಗಳನ್ನು ಕೇಳುವವರು ಯಾರು? ಸಿರ್ಸಿ, ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನೀವು ವಕೀಲರಾ? ಇದನ್ನೆಲ್ಲ ಯಾಕೆ ಬರೆಯುತ್ತಿದ್ದೀರಿ?

ವಕೀಲಳಲ್ಲ. ಸಿರ್ಸಿ ಹತ್ತಿರದ ಹಳ್ಳಿಯವಳು, ನಮ್ಮದು ಅಡಿಕೆ ತೋಟದ ಮನೆ. ತೋಟದ ಗಡಿ ವಿಷಯಕ್ಕೆ ಅಪ್ಪ ಒಂದು ದಾವೆ ಹಾಕಿದ್ದರು. ನಾನು ಹೈಸ್ಕೂಲಿಗೆ ಹೋಗುವಾಗ ಶುರುವಾದದ್ದು, ನನ್ನ ಮಗಳು ಹೈಸ್ಕೂಲಿಗೆ ಹೋಗುವಾಗಲೂ ಮುಗಿದಿರಲಿಲ್ಲ. ಒಂದು ಹಂತದಲ್ಲಿ ವಾದ ಪೂರ್ತಿ ಮುಗಿದು 'ಜಜ್‌ಮೆಂಟ್‌ಗೆ ಇಟ್ಟಿದ್ದಾರೆ' ಅಂತ ವಕೀಲರು ಹೇಳಿದರು. ಎಂಟು ತಿಂಗಳು ಏನೂ ಬರಲಿಲ್ಲ. ಅಷ್ಟರಲ್ಲಿ ಆ ನ್ಯಾಯಾಧೀಶರಿಗೆ ವರ್ಗವಾಯಿತು, ಹೊಸಬರು ಬಂದರು, ವಾದ ಮತ್ತೆ ಮೊದಲಿಂದ. ಅಪ್ಪ ಅವತ್ತು ಮನೆಗೆ ಬಂದು ಜಗುಲಿಯ ಮೇಲೆ ಕೂತು ಕೇಳಿದ್ದು ಒಂದೇ ಮಾತು: 'ಇದನ್ನು ಯಾರ ಹತ್ತಿರ ಕೇಳಬೇಕು?'

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿ ಓದಲು ಶುರು ಮಾಡಿದ್ದು ಆಗ. ಈಗ ಊರಲ್ಲಿ ಯಾರಿಗೆ ಕೋರ್ಟಿನ ಸಂಕಟ ಬಂದರೂ ನನ್ನ ಹತ್ತಿರ ಬಂದು ಕೇಳುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಹಾಗಾಗಿ ಬರೆದಿಟ್ಟೆ.

ಜಡ್ಜ್‌ಗಳನ್ನು ಪ್ರಶ್ನೆ ಮಾಡುವುದು ಸರಿಯಾ? ಅವರ ಗೌರವ ಕಡಿಮೆ ಆಗಲ್ವಾ?

ಆಗುವುದಿಲ್ಲ. ನಮ್ಮ ಕಡೆ ಜಡ್ಜ್ ಅಂದರೆ ದೂರದಲ್ಲಿ ಬಂಗಲೆಯಲ್ಲಿರುವ ಸಾಹೇಬರು ಅನ್ನುವ ಭಾವನೆ ಬಹಳ ಹಳೆಯದು. 1882ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದದ್ದು ಎಲ್ಲರಿಗೂ ಗೊತ್ತು, ಕಡಲತೀರಕ್ಕೆ ಅವರ ಹೆಸರೇ ಇದೆ. ಅವರು ಉಳಿದುಕೊಂಡಿದ್ದು ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ, ಆ ಅಣ್ಣ ಆಗ ಕಾರವಾರದಲ್ಲಿ ಜಿಲ್ಲಾ ಜಡ್ಜ್. ಆ ಕಾಲದ ಜಡ್ಜ್ ಉತ್ತರ ಕೊಡಬೇಕಿದ್ದದ್ದು ಬ್ರಿಟಿಷ್ ಸರ್ಕಾರಕ್ಕೆ, ನಮಗಲ್ಲ. ಈಗ ಹಾಗಿಲ್ಲ. ಸಂಬಳ ನಮ್ಮ ತೆರಿಗೆಯದು, ಅಧಿಕಾರ ಸಂವಿಧಾನದ್ದು. ತೀರ್ಪು ಹೀಗೇ ಕೊಡಿ ಅಂತ ಯಾರೂ ಹೇಳುವ ಹಾಗಿಲ್ಲ, ಹೇಳಲೂಬಾರದು. ಆದರೆ ನಡತೆ ಹೇಗಿದೆ, ಕೆಲಸ ಹೊತ್ತಿಗೆ ಸರಿಯಾಗಿ ಆಗುತ್ತಿದೆಯಾ ಅಂತ ಕೇಳಬಹುದು.

ಸುಪ್ರೀಂ ಕೋರ್ಟ್ ಇರುವುದು ದಿಲ್ಲಿಯಲ್ಲಿ. ಅಲ್ಲಿನ ಜಡ್ಜ್ ಹೇಗಿದ್ದರೆ ನಮಗೇನು?

2019ರ ಫೆಬ್ರವರಿ ನೆನಪಿದೆಯಾ? ಅರಣ್ಯ ಹಕ್ಕು ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ಎಬ್ಬಿಸಬೇಕು ಅಂತ 13ನೇ ತಾರೀಖು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ನಮ್ಮ ಜಿಲ್ಲೆಯ ಬಹುಪಾಲು ಕಾಡು. 'ಅತಿಕ್ರಮಣದಾರ' ಅನ್ನುವ ಹೆಸರು ಹೊತ್ತು ಎರಡು ಮೂರು ತಲೆಮಾರಿನಿಂದ ಅಲ್ಲೇ ಗೇಯ್ದು ಉಣ್ಣುವ ಮನೆಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ಆ ವಾರ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. 28ನೇ ತಾರೀಖು ಅದೇ ಕೋರ್ಟ್ ತನ್ನ ಆದೇಶಕ್ಕೆ ತಾನೇ ತಡೆ ಹಾಕಿತು, ಅರ್ಜಿಗಳನ್ನು ಹೇಗೆ ತಿರಸ್ಕರಿಸಿದಿರಿ, ಲೆಕ್ಕ ಕೊಡಿ ಅಂತ ರಾಜ್ಯಗಳನ್ನು ಕೇಳಿತು. ಹದಿನೈದೇ ದಿನ. ಕಾರವಾರ, ಅಂಕೋಲಾ ಕಡೆಯ ಸೀಬರ್ಡ್ ನಿರಾಶ್ರಿತರನ್ನು, ಅಂದರೆ ನೌಕಾನೆಲೆಗಾಗಿ ಮನೆ ಜಮೀನು ಬಿಟ್ಟವರನ್ನು ಕೇಳಿ, ಪರಿಹಾರಕ್ಕಾಗಿ ಕೋರ್ಟ್ ಅಲೆದ ಕತೆ ದಶಕಗಳದ್ದು. ದಿಲ್ಲಿ ದೂರ ಅಲ್ಲ.

ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ಜಡ್ಜ್ ತಪ್ಪು ಮಾಡಿದರೆ ತೆಗೆಯಬಹುದಾ?

ಕಾನೂನಿನಲ್ಲಿ ಆಗುತ್ತದೆ. ನಡೆದದ್ದು ನೋಡಿದರೆ, 1950ರಿಂದ 2025ರ ವರೆಗೆ ಸಂಸತ್ತು ಒಬ್ಬರನ್ನೂ ತೆಗೆದಿಲ್ಲ.

ದಾರಿ ಹೀಗಿದೆ. ಸಂವಿಧಾನದ 124ನೇ ವಿಧಿ ಮತ್ತು 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆ. ಲೋಕಸಭೆಯ 100 ಸದಸ್ಯರು ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಹಾಕಬೇಕು. ಸ್ಪೀಕರ್ ಅಥವಾ ಸಭಾಪತಿ ಒಪ್ಪಿದರೆ ಮೂವರ ಸಮಿತಿ ಆಗುತ್ತದೆ: ಒಬ್ಬರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಒಬ್ಬರು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಒಬ್ಬರು ಕಾನೂನು ತಜ್ಞರು. ಅವರು ತಪ್ಪು ಇದೆ ಅಂದರೆ ಮಾತ್ರ ಎರಡೂ ಸದನದಲ್ಲಿ ಮತ. ಅದೂ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ, ಜೊತೆಗೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ.

1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲೆ ಇದು ನಡೆಯಿತು. ಸಮಿತಿಯಲ್ಲಿ ಇದ್ದದ್ದು ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಬಿ. ಸಾವಂತ್. ತನ್ನ ಪಕ್ಕದ ಕೋಣೆಯಲ್ಲಿ ಕೂರುವ ಸಹೋದ್ಯೋಗಿಯ ಲೆಕ್ಕಪತ್ರ ತೆಗೆದು ನೋಡುವುದು ಸಣ್ಣ ಕೆಲಸವಲ್ಲ. ಸಮಿತಿ ತನ್ನ ಕೆಲಸ ಮಾಡಿತು, ಹೆಚ್ಚಿನ ಆರೋಪಗಳು ಸಾಬೀತಾಗಿವೆ ಅಂತ ಬರೆಯಿತು. ಲೋಕಸಭೆಯಲ್ಲಿ 196 ಜನ ತೆಗೆಯಿರಿ ಅಂತ ಮತ ಹಾಕಿದರು. ಬೇಡ ಅಂತ ಒಬ್ಬರೂ ಹಾಕಲಿಲ್ಲ. ಆದರೆ 205 ಜನ ಮತವನ್ನೇ ಹಾಕದೆ ಸುಮ್ನೆ ಕೂತರು, ಗೊತ್ತುವಳಿ ಬಿದ್ದುಹೋಯಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

2011ರಲ್ಲಿ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ಮತ ಹಾಕಿತು. ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಅದೇ ವರ್ಷ, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಕೂಡ ವಿಚಾರಣೆ ಮುಗಿಯುವ ಮೊದಲು ರಾಜೀನಾಮೆ ಕೊಟ್ಟು ಹೋದರು. ರಾಜೀನಾಮೆ ಕೊಟ್ಟರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ, ನಿಜ ಏನು ಅಂತ ನಮಗೆ ತಿಳಿಯುವುದೇ ಇಲ್ಲ. ಈ ಕಂಡಿ ಮೊದಲು ಮುಚ್ಚಬೇಕು.

2025ರ ಆಗಸ್ಟ್‌ನಲ್ಲಿ ಮನೆಯಲ್ಲಿ ಸುಟ್ಟ ನೋಟು ಸಿಕ್ಕಿತು ಅನ್ನುವ ಆರೋಪ ಬಂದ ನ್ಯಾಯಮೂರ್ತಿ ಯಶವಂತ ವರ್ಮಾ ಪ್ರಕರಣಕ್ಕೆ ಸ್ಪೀಕರ್ ಮಾಡಿದ ಮೂವರ ಸಮಿತಿಯಲ್ಲಿ ಇಬ್ಬರು ಕರ್ನಾಟಕದವರು: ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅರವಿಂದ ಕುಮಾರ್, ಹಿರಿಯ ವಕೀಲ ಬಿ.ವಿ. ಆಚಾರ್ಯ.

ಸಂಸತ್ತು ಬಿಟ್ಟರೆ ಬೇರೆ ದಾರಿಯೇ ಇಲ್ವಾ?

ಇದೆ. ಅದನ್ನು ಕಟ್ಟಿದವರು ಸುಪ್ರೀಂ ಕೋರ್ಟ್ ಜಡ್ಜ್‌ಗಳೇ. ಈ ವಿಷಯದಲ್ಲಿ ಅವರ ಪಾತ್ರ ಏನು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಸರ್ಕಾರಕ್ಕೆ ಈ ಬಾಗಿಲು ತೆಗೆಯುವ ಅಧಿಕಾರ ಕೊಟ್ಟರೆ ಅಪಾಯ, ನಾವು ಹೊರಗಿಂದ ತಟ್ಟಬಹುದು ಅಷ್ಟೆ. ಚಿಲಕ ಇರುವುದು ಒಳಗೆ. ಒಳಗಿದ್ದವರೇ ತೆಗೆಯಬೇಕು.

1995ರಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೊಬ್ಬರ ಮೇಲೆ ಆರೋಪ ಬಂತು, ಅಲ್ಲಿನ ವಕೀಲರು ರಾಜೀನಾಮೆ ಕೇಳಿ ಠರಾವು ಮಾಡಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗೆ ಒತ್ತಡ ಹಾಕಿ ಜಡ್ಜ್‌ನ ಇಳಿಸಬಾರದು ಅಂತ ನ್ಯಾಯಮೂರ್ತಿ ಕೆ. ರಾಮಸ್ವಾಮಿ ಅವರಿದ್ದ ಪೀಠ ಹೇಳಿತು. (ಇವರು ಬೇರೆ, ಮೇಲೆ ಹೇಳಿದ ರಾಮಸ್ವಾಮಿ ಬೇರೆ.) ಅಷ್ಟಕ್ಕೇ ಬಿಡಲಿಲ್ಲ. ಕೆಟ್ಟ ನಡತೆಗೂ ಸಂಸತ್ತಿನಲ್ಲಿ ತೆಗೆದುಹಾಕುವುದಕ್ಕೂ ನಡುವೆ ದೊಡ್ಡ ಅಂತರ ಇದೆ, ಅದನ್ನು ತುಂಬಲು ನ್ಯಾಯಾಂಗದ ಒಳಗೇ ಒಂದು ವ್ಯವಸ್ಥೆ ಬೇಕು ಅಂತಲೂ ಹೇಳಿತು. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರಿ 16 ಅಂಶಗಳ ನಡತೆಯ ನಿಯಮ ಒಪ್ಪಿದರು. ಮಕ್ಕಳು, ಅಳಿಯ, ಸೊಸೆ ವಕೀಲರಾಗಿದ್ದರೆ ತಮ್ಮ ಮುಂದೆ ವಾದ ಮಾಡಬಾರದು, ತಮ್ಮ ಮನೆಯನ್ನು ಅವರು ಕಚೇರಿ ಮಾಡಿಕೊಳ್ಳಬಾರದು, ಷೇರಿನಲ್ಲಿ ಸಟ್ಟಾ ಆಡಬಾರದು, ನೆಂಟರು ಸ್ನೇಹಿತರು ಬಿಟ್ಟು ಬೇರೆಯವರಿಂದ ಉಡುಗೊರೆ ತೆಗೆದುಕೊಳ್ಳಬಾರದು. ಸರಳವಾಗಿದೆ, ಯಾರಿಗಾದರೂ ಅರ್ಥವಾಗುತ್ತದೆ. 1999ರ ಡಿಸೆಂಬರ್‌ನಲ್ಲಿ ಒಳವಿಚಾರಣೆಯ ಕ್ರಮವನ್ನೂ ಒಪ್ಪಿದರು.

ಅದರ ಪ್ರಕಾರ ಹೈಕೋರ್ಟ್ ಜಡ್ಜ್ ಮೇಲೆ ಗಂಭೀರ ದೂರು ಬಂದರೆ ಭಾರತದ ಮುಖ್ಯ ನ್ಯಾಯಮೂರ್ತಿ ಮೂವರ ಸಮಿತಿ ಮಾಡುತ್ತಾರೆ. ತಪ್ಪು ಕಂಡರೆ ರಾಜೀನಾಮೆ ಕೊಡಿ ಅನ್ನುತ್ತಾರೆ, ಕೊಡದಿದ್ದರೆ ಆ ಜಡ್ಜ್ ಮುಂದೆ ಇರುವ ಕೇಸುಗಳನ್ನು ಹಿಂದಕ್ಕೆ ಪಡೆದು ರಾಷ್ಟ್ರಪತಿಗೂ ಪ್ರಧಾನಿಗೂ ತಿಳಿಸುತ್ತಾರೆ. ಕೆಲಸದಿಂದ ತೆಗೆಯುವ ಅಧಿಕಾರ ಮಾತ್ರ ಸಮಿತಿಗೆ ಇಲ್ಲ.

ಆ ಸಮಿತಿಯ ವರದಿ ನಮಗೆ ಓದಲು ಸಿಗುತ್ತಾ?

ಇಲ್ಲ. ಗುಟ್ಟಾಗಿಯೇ ಇಡುತ್ತಾರೆ. 2025ರ ಮಾರ್ಚ್‌ನಲ್ಲಿ ವರ್ಮಾ ಪ್ರಕರಣದ ಮೊದಲ ವರದಿ, ಫೋಟೊ, ವಿಡಿಯೊಗಳನ್ನು ಸುಪ್ರೀಂ ಕೋರ್ಟ್ ತಾನೇ ವೆಬ್‌ಸೈಟಿಗೆ ಹಾಕಿದ್ದು ದೊಡ್ಡ ವಿಷಯ. ಅದು ಒಬ್ಬ ಮುಖ್ಯ ನ್ಯಾಯಮೂರ್ತಿ ಮನಸ್ಸು ಮಾಡಿದ್ದಕ್ಕೆ ಆಯಿತು. ನಿಯಮವಾಗಬೇಕು.

ಜಡ್ಜ್‌ಗಳು ಆಸ್ತಿ ವಿವರ ಕೊಡುತ್ತಾರಾ?

ನಮ್ಮ ಗ್ರಾಮ ಪಂಚಾಯಿತಿ ಸದಸ್ಯರೂ ಆಸ್ತಿ ವಿವರ ಕೊಡಬೇಕು. ಜಡ್ಜ್‌ಗಳಿಗೆ ಅಂಥ ಕಾಯ್ದೆ ಇಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ತಮ್ಮ ಮುಖ್ಯ ನ್ಯಾಯಮೂರ್ತಿಗೆ ವಿವರ ಕೊಡಬೇಕು ಅಂತ ಠರಾವು ಮಾಡಿದರು, ಆದರೆ ಅದು ಒಳಗೇ ಇರುತ್ತಿತ್ತು. 2009ರಲ್ಲಿ ಇದರ ಬಗ್ಗೆ ಬಹಿರಂಗವಾಗಿ ಬರೆದು, ನಾವು ಯಾಕೆ ಮುಚ್ಚಿಡಬೇಕು ಅಂತ ಕೇಳಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್. ಅದೇ ತಿಂಗಳು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ವೆಬ್‌ಸೈಟಿಗೆ ಹಾಕಲು ಒಪ್ಪಿದರು. ಬರಬರುತ್ತಾ ಅದು ತಣ್ಣಗಾಯಿತು. ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಮಾಹಿತಿ ಹಕ್ಕಿನ ಒಳಗೆ ಬರುತ್ತದೆ ಅಂತ 2019ರ ನವೆಂಬರ್ 13ರಂದು ಐವರ ಪೀಠ ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಮತ್ತೆ ವಿವರಗಳು ಬಂದವು, ಆಗ ಇದ್ದ 33 ನ್ಯಾಯಮೂರ್ತಿಗಳಲ್ಲಿ 21 ಜನರದ್ದು. ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು, ಯಾರನ್ನೂ ಕೇಳಬೇಕಿಲ್ಲ.

ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುವುದು ಯಾವ ನ್ಯಾಯ?

ಈ ಪ್ರಶ್ನೆ ಕೇಳುವವರಿಗೆ ನಾನು ಮೊದಲು 1973ರ ಕತೆ ಹೇಳುತ್ತೇನೆ. ನಿಟ್ಟೆಯ ಕೆ.ಎಸ್. ಹೆಗ್ಡೆ ಆಗ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಕೇಶವಾನಂದ ಭಾರತಿ ಪ್ರಕರಣದಲ್ಲಿ ಸರ್ಕಾರಕ್ಕೆ ಬೇಡವಾದ ತೀರ್ಪು ಕೊಟ್ಟವರಲ್ಲಿ ಅವರೂ ಒಬ್ಬರು. ತೀರ್ಪಿನ ಮರುದಿನವೇ ಅವರೂ ಸೇರಿ ಮೂವರು ಹಿರಿಯರನ್ನು ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ನೇಮಕವನ್ನು ಪೂರ್ತಿ ಸರ್ಕಾರದ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ. 1993ರಲ್ಲಿ ಕೊಲಿಜಿಯಂ, ಅಂದರೆ ಹಿರಿಯ ಜಡ್ಜ್‌ಗಳೇ ಕೂತು ಹೊಸ ಜಡ್ಜ್‌ಗಳನ್ನು ಆರಿಸುವ ಗುಂಪು, ಬಂದದ್ದರ ಹಿಂದೆ ಆ ಭಯ ಇದೆ.

ಹಾಗಂತ ಬಾಗಿಲು ಹಾಕಿಕೊಂಡು ಆರಿಸುವುದೂ ಸರಿಯಲ್ಲ. 2015ರಲ್ಲಿ, ಸರ್ಕಾರದವರೂ ಸೇರಿ ಜಡ್ಜ್‌ಗಳನ್ನು ಆರಿಸಬೇಕಿದ್ದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ನಾಲ್ವರು ಒಂದು ಕಡೆ, ನ್ಯಾಯಮೂರ್ತಿ ಜೆ. ಚೆಲಮೇಶ್ವರ್ ಒಬ್ಬರೇ ಇನ್ನೊಂದು ಕಡೆ. ಮರು ವರ್ಷ ಅವರು, ಯಾಕೆ ಆರಿಸಿದಿರಿ, ಯಾಕೆ ಬಿಟ್ಟಿರಿ ಅಂತ ಬರೆದಿಡದಿದ್ದರೆ ನಾನು ಕೊಲಿಜಿಯಂ ಸಭೆಗೇ ಬರುವುದಿಲ್ಲ ಅಂದರು. 2017ರ ಅಕ್ಟೋಬರ್‌ನಿಂದ ಕೊಲಿಜಿಯಂ ನಿರ್ಣಯಗಳು ವೆಬ್‌ಸೈಟಿನಲ್ಲಿ ಬರಲು ಶುರುವಾದವು. ಒಳಗಿದ್ದ ಒಬ್ಬರು ಹಟ ಹಿಡಿದರೆ ಇಷ್ಟಾಗುತ್ತದೆ. ಮತ್ತೆ ಹಿಂದೆ ಸರಿಯುವುದೂ ಇದೆ. 2025ರ ಆಗಸ್ಟ್‌ನಲ್ಲಿ ಒಂದು ಹೆಸರಿಗೆ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಲಿಲ್ಲ ಅಂತ ಪತ್ರಿಕೆಗಳಲ್ಲಿ ಓದಿದೆವು. ಅವರ ಕಾರಣಗಳನ್ನು ಕೋರ್ಟಿನ ವೆಬ್‌ಸೈಟಿನಲ್ಲಿ ಓದುವಂತಿರಬೇಕಿತ್ತು.

ನಿವೃತ್ತರಾದ ಮೇಲೆ ಸುಪ್ರೀಂ ಕೋರ್ಟ್ ಜಡ್ಜ್‌ಗಳಿಂದ ಏನಾದರೂ ಉಪಯೋಗ ಇದೆಯಾ?

ಬೇಲೆಕೇರಿಯವರನ್ನು ಕೇಳಿ.

ಕರ್ನಾಟಕ ಲೋಕಾಯುಕ್ತ ಕಾಯ್ದೆ ಬಂದದ್ದು 1984ರಲ್ಲಿ. ತಂದವರು ಆಗಿನ ಮುಖ್ಯಮಂತ್ರಿ, ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ. ಆ ಕುರ್ಚಿಗೆ ಸುಪ್ರೀಂ ಕೋರ್ಟ್ ಜಡ್ಜ್ ಅಥವಾ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಆಗಿದ್ದವರೇ ಬರಬೇಕು ಅಂತ ಇಟ್ಟಿದ್ದರು. 2001ರಲ್ಲಿ ಬಂದ ಎನ್. ವೆಂಕಟಾಚಲ ಅವರು ಕಚೇರಿ, ಆಸ್ಪತ್ರೆಗಳಿಗೆ ಹೇಳದೆ ಕೇಳದೆ ನುಗ್ಗುತ್ತಿದ್ದದ್ದು ಎಲ್ಲರಿಗೂ ನೆನಪಿದೆ. 2006ರಲ್ಲಿ ಎನ್. ಸಂತೋಷ್ ಹೆಗ್ಡೆ ಬಂದರು, ಮೇಲೆ ಹೇಳಿದ ಕೆ.ಎಸ್. ಹೆಗ್ಡೆ ಅವರ ಮಗ.

ಆಗ ಬಳ್ಳಾರಿ ಕಡೆಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ರಸ್ತೆ ಬದಿಯ ಮರಗಳೆಲ್ಲ ಕೆಂಪು. 2010ರಲ್ಲಿ ಕಾರವಾರದ ಅರಣ್ಯ ಅಧಿಕಾರಿಯೊಬ್ಬರು ಬೇಲೆಕೇರಿ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿದರು. ಜಪ್ತಿಯಾದ ಅದಿರೇ ಹಡಗು ಹತ್ತಿ ಹೋಯಿತು. ಇದನ್ನು ಹೊರಗೆ ತಂದ ಆ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ, 2010ರ ಜೂನ್‌ನಲ್ಲಿ ಸಂತೋಷ್ ಹೆಗ್ಡೆ ರಾಜೀನಾಮೆ ಬರೆದುಕೊಟ್ಟರು. ಕೆಲವು ದಿನಗಳ ಮೇಲೆ ಹಿಂದಕ್ಕೆ ತೆಗೆದುಕೊಂಡರು. ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ನಮ್ಮ ಜಿಲ್ಲೆಯ ಒಬ್ಬ ಅಧಿಕಾರಿಗೋಸ್ಕರ ತನ್ನ ಕುರ್ಚಿ ಬಿಡಲು ತಯಾರಾದದ್ದು ನಾನು ಮರೆಯುವುದಿಲ್ಲ. 2011ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಅಂತ ಬರೆದರು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಆದರೆ ಆಮೇಲಿನದ್ದೂ ಹೇಳಬೇಕು. ಬೇಲೆಕೇರಿ ಕೇಸುಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷದ ಮೇಲೆ. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನಡುವೆ 2016ರಲ್ಲಿ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಮಾಡಿ ಲೋಕಾಯುಕ್ತದ ಪೊಲೀಸ್ ಬಲ ಕಿತ್ತುಕೊಂಡಿತು, 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಬೇಕಾಯಿತು.

ಹಾಗಾದರೆ ಜಡ್ಜ್ ಮೇಲಿನ ದೂರನ್ನು ಲೋಕಾಯುಕ್ತಕ್ಕೆ ಕೊಡಬಹುದಾ?

ಇಲ್ಲ. ಜಡ್ಜ್‌ಗಳು ಅದರ ವ್ಯಾಪ್ತಿಯಲ್ಲಿ ಬರುವುದಿಲ್ಲ.

ತಾಲ್ಲೂಕು, ಜಿಲ್ಲಾ ಕೋರ್ಟಿನ ನ್ಯಾಯಾಧೀಶರ ಮೇಲೆ ದೂರು ಇದ್ದರೆ?

ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ, ದೂರು ನಡತೆಯ ಮೇಲಾ, ತೀರ್ಪಿನ ಮೇಲಾ? ತೀರ್ಪು ತಪ್ಪು ಅನಿಸಿದರೆ ಮೇಲ್ಮನವಿ ಹಾಕಬೇಕು, ದೂರು ಅಲ್ಲ. ಸೋತ ಸಿಟ್ಟಿಗೆ ದೂರು ಬರೆದರೆ ನಿಜವಾದ ದೂರುಗಳ ಬೆಲೆಯೂ ಹೋಗುತ್ತದೆ.

ಲಂಚ ಕೇಳಿದ್ದು, ಕೆಟ್ಟದಾಗಿ ಬೈದದ್ದು, ಎದುರು ಪಕ್ಷದ ಜೊತೆ ಒಡನಾಟ, ಇಂಥದ್ದಾದರೆ ಹೈಕೋರ್ಟಿಗೆ ಬರೆಯಿರಿ. 235ನೇ ವಿಧಿಯ ಪ್ರಕಾರ ಕೆಳಗಿನ ಕೋರ್ಟುಗಳ ಹಿಡಿತ ಹೈಕೋರ್ಟಿನದು, ಅಲ್ಲಿ ಜಾಗೃತ ವಿಭಾಗವೂ ಇದೆ. ರಿಜಿಸ್ಟ್ರಾರ್ ಜನರಲ್ ಹೆಸರಿಗೆ, ನಿಮ್ಮ ಸಹಿ, ವಿಳಾಸ, ತಾರೀಖು, ಕೇಸ್ ನಂಬರ್ ಹಾಕಿ, ಅಫಿಡವಿಟ್ ಮತ್ತು ಇರುವ ಆಧಾರ ಸೇರಿಸಿ ಕಳಿಸಿ. ಹೆಸರಿಲ್ಲದ ಪತ್ರಗಳನ್ನು ಬುಟ್ಟಿಗೆ ಹಾಕುತ್ತಾರೆ. ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ದೂರು ಕೊಟ್ಟರೆ ನ್ಯಾಯಾಂಗ ನಿಂದನೆ ಆಗುತ್ತಾ? ಜೈಲಿಗೆ ಹಾಕುತ್ತಾರಾ?

ಎಲ್ಲರೂ ಹೆದರುವುದು ಇದಕ್ಕೇ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಂ ಓದಿ. ಕೆಳಗಿನ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಒಳ್ಳೆಯ ಉದ್ದೇಶದಿಂದ ಹೈಕೋರ್ಟಿಗೆ ದೂರು ಕೊಟ್ಟರೆ ಅದು ನಿಂದನೆ ಅಲ್ಲ. 2006ರ ತಿದ್ದುಪಡಿ ಆದ ಮೇಲೆ, ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವನ್ನು ಕೋರ್ಟ್ ರಕ್ಷಣೆಯಾಗಿ ಒಪ್ಪಬಹುದು. ಆದರೆ ಅದೇ ವಿಷಯವನ್ನು ವಾಟ್ಸಾಪ್ ಗುಂಪಿನಲ್ಲಿ ಆಧಾರ ಇಲ್ಲದೆ ಹರಿಬಿಟ್ಟರೆ ಈ ರಕ್ಷಣೆ ಸಿಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ವಾದ ಮುಗಿದು ತಿಂಗಳುಗಟ್ಟಲೆ ಆಯಿತು, ತೀರ್ಪೇ ಬಂದಿಲ್ಲ. ಏನು ಮಾಡಬೇಕು?

ಅಪ್ಪ ಕೇಳಿದ್ದು ಇದನ್ನೇ. ಸಿವಿಲ್ ದಾವೆಯಲ್ಲಿ ವಾದ ಮುಗಿದ ಮೇಲೆ ಸಾಮಾನ್ಯವಾಗಿ 30 ದಿನದೊಳಗೆ, ವಿಶೇಷ ಕಾರಣ ಇದ್ದರೆ 60 ದಿನದೊಳಗೆ ತೀರ್ಪು ಹೇಳಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೈಕೋರ್ಟಿಗೆ 2001ರಲ್ಲಿ ಅನಿಲ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್ ಮತ್ತು ಆರ್.ಪಿ. ಸೇಠಿ ಸರಿಯಾದ ಗಡುವು ಹಾಕಿಕೊಟ್ಟರು. ಮೂರು ತಿಂಗಳಲ್ಲಿ ತೀರ್ಪು ಬರದಿದ್ದರೆ ಬೇಗ ಹೇಳಿ ಅಂತ ನೀವು ಅರ್ಜಿ ಹಾಕಬಹುದು. ಆರು ತಿಂಗಳು ದಾಟಿದರೆ ಕೇಸನ್ನು ಬೇರೆ ಪೀಠಕ್ಕೆ ಕೊಡಿ ಅಂತ ಮುಖ್ಯ ನ್ಯಾಯಮೂರ್ತಿಯನ್ನು ಕೇಳಬಹುದು. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವ ಧಾರವಾಡ ಪೀಠಕ್ಕೂ ಇದು ಅನ್ವಯ. ವಕೀಲರಿಗೆ ಈ ಪ್ರಕರಣದ ಹೆಸರು ಹೇಳಿ. ಜಡ್ಜ್ ಎದುರು ಅರ್ಜಿ ಹಾಕಲು ವಕೀಲರು ಹಿಂಜರಿಯುತ್ತಾರೆ, ನಾಳೆ ಅದೇ ಕೋರ್ಟಿನಲ್ಲಿ ಅವರು ನಿಲ್ಲಬೇಕು. ಅದು ಅರ್ಥವಾಗುವ ಸಂಕಟವೇ. ಆದರೂ ಕೇಳಿ.

ಇಷ್ಟೊಂದು ತಡ ಆಗುವುದು ಜಡ್ಜ್‌ಗಳ ತಪ್ಪೇನಾ?

ಎಲ್ಲವೂ ಅಲ್ಲ. 'ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ, ಆದರೆ ಒಬ್ಬ ನ್ಯಾಯಾಧೀಶರ ಮುಂದೆ ದಿನಕ್ಕೆ ಎಷ್ಟು ಕೇಸ್ ಕರೆಯುತ್ತಾರೆ ಅಂತ ಒಂದು ಬೆಳಿಗ್ಗೆ ಕೂತು ನೋಡಿ. ಹತ್ತು ಲಕ್ಷ ಜನಕ್ಕೆ 50 ಜಡ್ಜ್‌ಗಳು ಬೇಕು, ಐದು ವರ್ಷದಲ್ಲಿ ಅಷ್ಟು ಮಾಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಇವತ್ತಿಗೂ ಅದರ ಅರ್ಧ ಮುಟ್ಟಲು ಒದ್ದಾಡುತ್ತಿದ್ದೇವೆ. ಅದು ಸರ್ಕಾರಗಳ ಹೊಣೆ. ವಕೀಲರು ಕೇಳುವ ವಾಯಿದೆ, ನಾವೇ ಕೇಳಿಸುವ ವಾಯಿದೆ, ಅದೂ ಸೇರಿದೆ.

ನಿಮ್ಮ ಕೋರ್ಟಿನಲ್ಲಿ ಎಷ್ಟು ಕೇಸ್ ಬಾಕಿ, ಎಷ್ಟು ಹಳೆಯವು ಅಂತ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ನಲ್ಲಿ ಜಿಲ್ಲಾವಾರು ಸಿಗುತ್ತದೆ. ಸ್ವಂತ ಕೇಸಿನ ಸ್ಥಿತಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ. ಎರಡಕ್ಕೂ ದುಡ್ಡಿಲ್ಲ. ತಾರೀಖು ತಿಳಿಯಲು ಘಟ್ಟ ಹತ್ತಿ ಇಳಿಯುವ ಕಾಲ ಹೋಯಿತು.

ಕೋರ್ಟ್ ಕಲಾಪ ಮೊಬೈಲಲ್ಲಿ ನೋಡಬಹುದಾ?

ಹೈಕೋರ್ಟಿನದ್ದು ಯೂಟ್ಯೂಬಿನಲ್ಲಿ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದರಿಂದ ಏನು ಲಾಭ ಅನ್ನುವವರಿಗೆ 2024ರ ಸೆಪ್ಟೆಂಬರ್ ಹೇಳುತ್ತೇನೆ. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದಲ್ಲಿ ಆಡಿದ ಮಾತುಗಳ ವಿಡಿಯೊ ಎಲ್ಲ ಕಡೆ ಹರಡಿತು. ಸುಪ್ರೀಂ ಕೋರ್ಟಿನ ಐವರು ತಾವಾಗಿ ಕೈಗೆತ್ತಿಕೊಂಡರು, ಆ ನ್ಯಾಯಮೂರ್ತಿ ತೆರೆದ ಕೋರ್ಟಿನಲ್ಲೇ ವಿಷಾದ ಹೇಳಿದರು, ಕೆಲವೇ ದಿನದಲ್ಲಿ ಮುಗಿಯಿತು. ಹೀಗಾಯಿತು ಅಂತ ಪ್ರಸಾರ ನಿಲ್ಲಿಸುವ ಮಾತು ಬಂದಾಗ ಬೇಡ ಅಂದವರು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್.

ನಿಮ್ಮ ಪ್ರಕಾರ ಮೊದಲು ಏನು ಬದಲಾಗಬೇಕು?

ದೊಡ್ಡದೇನೂ ಕೇಳುವುದಿಲ್ಲ. ಪ್ರತಿ ಹೈಕೋರ್ಟ್ ವರ್ಷಕ್ಕೊಮ್ಮೆ, ಜಡ್ಜ್‌ಗಳ ಮೇಲೆ ಎಷ್ಟು ದೂರು ಬಂತು, ಎಷ್ಟನ್ನು ನೋಡಿದೆವು, ಏನು ಮಾಡಿದೆವು ಅಂತ ಒಂದು ಪುಟದಲ್ಲಿ ಹಾಕಲಿ, ಹೆಸರು ಬೇಡ. ತೀರ್ಪಿಗೆ ಇಟ್ಟ ತಾರೀಖು ಕೇಸಿನ ಪುಟದಲ್ಲಿ ಎದ್ದು ಕಾಣಲಿ, ಎಷ್ಟು ದಿನ ಆಯಿತು ಅಂತ ಪಕ್ಕದಲ್ಲಿ ಬರಲಿ. ರಾಜೀನಾಮೆ ಕೊಟ್ಟರೂ ವಿಚಾರಣೆ ಮುಗಿಸಿ ವರದಿ ಹೊರಗೆ ಬರಲಿ. ಮೊದಲ ಎರಡಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 1997ರಲ್ಲಿ ಕೂತ ಹಾಗೆ ಒಂದು ಸಂಜೆ ಕೂತು ಒಪ್ಪಿದರೆ ಸಾಕು.

ನಿಮ್ಮ ಅಪ್ಪನ ಕೇಸ್ ಏನಾಯಿತು?

ಹೊಸ ನ್ಯಾಯಾಧೀಶರು ಎರಡನೇ ಸಲ ವಾದ ಕೇಳಿ ಐದು ವಾರದಲ್ಲಿ ತೀರ್ಪು ಕೊಟ್ಟರು. ಅರ್ಧ ನಮ್ಮ ಕಡೆ, ಅರ್ಧ ಅವರ ಕಡೆ. ಅಪ್ಪನಿಗೆ ಓದಿ ಹೇಳಿದೆ, ಪೂರ್ತಿ ಕೇಳಿಸಿಕೊಂಡು 'ಬರೆದದ್ದು ಸರಿಯಾಗಿದೆ' ಅಂದರು. ಮೇಲ್ಮನವಿ ಹಾಕಲಿಲ್ಲ.